ಮೂಳೆಯೊಳಗಿನ 1,75,000 ಕಿಲೋಮೀಟರ್

ವಯಸ್ಕ ಮನುಷ್ಯನ ಮೂಳೆಗಳಲ್ಲಿ ಹುದುಗಿಕೊಂಡೇ ಬದುಕುವ ಜೀವಕೋಶಗಳು ಸುಮಾರು 4,200 ಕೋಟಿ. ಆಸ್ಟಿಯೊಸೈಟ್ ಎಂಬ ಈ ಕೋಶ ಒಂದೊಂದೂ ಹತ್ತಾರು ಎಳೆ ಚಾಚಿ ನೆರೆಯ ಕೋಶಗಳನ್ನು ಮುಟ್ಟುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಪ್ಯಾಸ್ಕಲ್ ಬುಯೆನ್ಜ್ಲಿ ಮತ್ತು ನಟಾಲಿ ಸಿಮ್ಸ್ ಲೆಕ್ಕ ಹಾಕಿದರು: ಎಳೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ 1,75,000 ಕಿಲೋಮೀಟರ್. ಭೂಮಿಗೆ ನಾಲ್ಕು ಸುತ್ತು ಹಾಕಿಯೂ ಮಿಗುತ್ತದೆ. ಅವು ಹಾಯುವ ಸಂದುಗೊಂದುಗಳ ಒಳಮೈ 215 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು 40×60 ಅಡಿಯ ಸೈಟು. ಅಷ್ಟನ್ನೂ ತೇವವಾಗಿಡುವ ದ್ರವ ಬರೀ 24 ಮಿಲಿಲೀಟರ್! ದಿನವೂ 91 ಲಕ್ಷ ಹೊಸ ಕೋಶಗಳು ಈ ಜಾಲವನ್ನು ಸೇರುತ್ತವೆ.

ಮೂಳೆ ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಎರಡು ಮೂರು ವಾರದಲ್ಲಿ ತೋಡಿದ ಗುಳಿಯನ್ನು ತುಂಬಲು ಹೊಸದನ್ನು ಕಟ್ಟುವ ಕೋಶಗಳಿಗೆ ಮೂರು ನಾಲ್ಕು ತಿಂಗಳು ಬೇಕು. ಪ್ರತಿ ಸಲವೂ ಚೂರು ಕಡಿಮೆ ತುಂಬುತ್ತ ಹೋದರೆ ಅದೇ ಆಸ್ಟಿಯೊಪೊರೋಸಿಸ್. ಅದರಿಂದಾಗಿ 2000ನೇ ಇಸವಿಯಲ್ಲಿ ಜಗತ್ತಿನಲ್ಲಿ ಮುರಿದ ಮೂಳೆಗಳು ಸುಮಾರು 90 ಲಕ್ಷ ಎಂಬ ಅಂದಾಜಿದೆ. ಮೂರು ಮೂರೂವರೆ ಸೆಕೆಂಡಿಗೊಂದು!

ಇಂಥ ಮೂಳೆ ಮತ್ತೆ ಬೆಳೆಯುವಂತೆ ಸಾರುವೆ ಕಟ್ಟಿಕೊಡುವುದು ಜೈವಿಕ ವಸ್ತುಗಳ, ಅಂದರೆ ದೇಹದೊಳಗೆ ಕೂರಿಸಲೆಂದೇ ಮಾಡಿದ ವಸ್ತುಗಳ ಕೆಲಸ. ಮೂಳೆಯ ಖನಿಜದ ಹರಳಿನ ದಪ್ಪ ಸುಮಾರು 3 ನ್ಯಾನೊಮೀಟರ್. ರಕ್ತನಾಳ ಸರಾಗವಾಗಿ ನುಗ್ಗಲು ಬೇಕಾದ ರಂಧ್ರ ಸುಮಾರು 300 ಮೈಕ್ರೊಮೀಟರ್. ಒಂದಕ್ಕಿಂತ ಇನ್ನೊಂದು ಲಕ್ಷ ಪಟ್ಟು ದೊಡ್ಡದು, ವಸ್ತು ಎರಡೂ ಅಳತೆಗೆ ಸರಿಹೊಂದಬೇಕು. ರಂಧ್ರ ಸಾಲದಿದ್ದರೆ ಒಳಗಿನ ಕೋಶಗಳಿಗೆ ಉಸಿರಿಲ್ಲ. ಹೆಚ್ಚಾದರೆ ತುಣುಕು ಭಾರ ತಾಳದೆ ಪುಡಿಯಾಗುತ್ತದೆ.

1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಇದಕ್ಕೆ ಗಾಜನ್ನು ಹಿಡಿದರು. ತೂಕದಲ್ಲಿ ನೂರಕ್ಕೆ 45 ಪಾಲು ಸಿಲಿಕಾ, ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ರಂಜಕದ ಆಕ್ಸೈಡ್ 6. ಇಲಿಯ ತೊಡೆಮೂಳೆಯಲ್ಲಿ ಕೂರಿಸಿದ ಚೂರನ್ನು ಆರು ವಾರ ಬಿಟ್ಟು ಕೀಳಲು ನೋಡಿದರೆ ಅಲುಗಲೇ ಇಲ್ಲ. ಮೈಯ ದ್ರವ ತಾಗಿದೊಡನೆ ಆ ಗಾಜಿನ ಮೇಲ್ಮೈ ಸೋಡಿಯಂ ಬಿಟ್ಟುಕೊಡುತ್ತದೆ, ಸಿಲಿಕಾದ ಜೆಲ್ ಪದರ ಮೂಡುತ್ತದೆ, ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಮೂಳೆಯಲ್ಲಿರುವಂಥದೇ ಖನಿಜ ಕಟ್ಟತೊಡಗುತ್ತದೆ. ಕೊಲಾಜೆನ್ ನಾರು ಅದರೊಳಗೆ ಹೆಣೆದುಕೊಂಡ ಮೇಲೆ ಗಾಜೂ ಮೂಳೆಯೂ ಒಂದೇ.

ಈಗ ವೈದ್ಯರು ಮೂಳೆ ಮುರಿಯುವವರೆಗೂ ಕಾಯದೆ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಸವೆದ ತೊಡೆಮೂಳೆಯ ಕತ್ತಿನೊಳಗೆ ಕ್ಯಾಲ್ಸಿಯಂ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಫಾಸ್ಫೇಟಿನ ಪಾಕವನ್ನು ತುಂಬಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ವರ್ಷಗಳ ನಂತರ ಪಾಕ ಕರಗಿ ಅದರ ಜಾಗದಲ್ಲಿ ಮೂಳೆ ಬೆಳೆದಿತ್ತು. ಆದರೆ ದೇಹದಲ್ಲಿರುವ ಮೂಳೆಗಳು 206. ಪಾಕದಿಂದ ಗಟ್ಟಿಯಾಗುವುದು ಒಂದರ ಕತ್ತು ಮಾತ್ರ. ಉಳಿದ 205ಕ್ಕೆ ಔಷಧ, ಊಟ, ನಡಿಗೆಯೇ ಗತಿ.