ಮಂಜು ಕಟ್ಟಿದ ಗಾಜು, ತೂತು ಬಿದ್ದ ಪ್ಲಾಸ್ಟಿಕ್

2021ರ ಆ ದಿನಗಳು ನೆನಪಿವೆಯಲ್ಲ? ಪ್ರತಿ ರಾತ್ರಿ ಇದೇ ಕುರ್ಚಿಯಲ್ಲಿ ಕೂತು ಎಷ್ಟು ಪಾಸಿಟಿವ್, ಎಷ್ಟು ನೆಗೆಟಿವ್ ಅಂತ ಓದಿದವನು ನಾನು. ಬೆರಳುದ್ದದ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಮನೆಮಂದಿಯೆಲ್ಲ ಕಂಗಾಲು. ಒಂದೇ ಗೆರೆ ಬಂದರೆ ನಿರಾಳ. ಆ ಗೆರೆ ಯಾವುದರ ಮೇಲೆ ಮೂಡುತ್ತೆ, ಯಾವಾಗ ಕೈಕೊಡುತ್ತೆ? ನಾನು ಒಂದು ದಿನವೂ ಹೇಳಲಿಲ್ಲ. ಬ್ರೇಕಿಂಗ್ ನ್ಯೂಸ್ ನಡುವೆ ಜಾಗ ಇರಲಿಲ್ಲ ಅನ್ನೋದು ಬರೀ ನೆಪ.

ಕಿಟ್‌ನೊಳಗಿನ ಬಿಳಿ ಪಟ್ಟಿ ನೋಡೋಕೆ ಕಾಗದದ ಹಾಗಿದ್ದರೂ ಸಾಮಾನ್ಯವಾಗಿ ಅದು ನೈಟ್ರೋಸೆಲ್ಯುಲೋಸ್ ಎಂಬ ಪಾಲಿಮರ್. ಸ್ಪಂಜಿನ ಹಾಗೆ ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಆ ತೂತುಗಳ ಗೋಡೆಗೆ ಪ್ರತಿಕಾಯ ಎಂಬ ಪ್ರೋಟೀನನ್ನು ಗೆರೆ ಎಳೆದಂತೆ ಅಂಟಿಸಿ ಒಣಗಿಸಿರುತ್ತಾರೆ. ಮೂಗಿನ ದ್ರವ ಬಿಟ್ಟರೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಪಟ್ಟಿಯಲ್ಲಿ ಹರಿಯುತ್ತದೆ. ಅದರಲ್ಲಿ ವೈರಾಣುವಿನ ಚೂರಿದ್ದರೆ, ಬಣ್ಣದ ಕಣ ಹೊತ್ತ ಇನ್ನೊಂದು ಪ್ರತಿಕಾಯ ಅದನ್ನು ಹಿಡಿದುಕೊಂಡು ಬರುತ್ತದೆ. ಗೆರೆಯಲ್ಲಿ ಕಾದು ಕೂತ ಪ್ರೋಟೀನ್ ಎರಡನ್ನೂ ತಡೆದು ನಿಲ್ಲಿಸುತ್ತದೆ. ಬಹಳಷ್ಟು ಕಿಟ್‌ಗಳಲ್ಲಿ ಆ ಕೆಂಪು ಬಣ್ಣ ಚಿನ್ನದ್ದು ಸ್ವಾಮಿ! ಚಿನ್ನವನ್ನು ಅಷ್ಟು ಸಣ್ಣ ಕಣ ಮಾಡಿದರೆ ಹಳದಿ ಹೋಗಿ ಕೆಂಪಾಗುತ್ತದೆ.

ಕಷ್ಟ ಇರೋದು ಅಂಟಿಸುವುದರಲ್ಲಿ. ಪ್ರೋಟೀನ್ ಕೆಲಸ ಮಾಡುವುದು ತನ್ನ ಮಡಿಕೆಗಳ ಆಕಾರದಿಂದ. ಗೋಡೆಗೆ ಬಿಗಿಯಾಗಿ ಅಂಟಿದರೆ ಆಕಾರ ಕೆಡಬಹುದು, ಸಡಿಲವಾದರೆ ತೊಳೆದುಹೋಗುತ್ತೆ. ತಲೆಕೆಳಗಾಗಿ ಕೂತರೆ ಹಿಡಿಯುವ ಕೈ ಗೋಡೆಯ ಕಡೆ ಇರುತ್ತೆ. ಮೂರೂ ಸಂದರ್ಭದಲ್ಲಿ ವೈರಾಣು ಎದುರಿಗೇ ಹಾದುಹೋದರೂ ಗೆರೆ ಮಸುಕು.

ಸ್ಪಂಜಿನ ತೂತುಗಳೋ ಅಡ್ಡಾದಿಡ್ಡಿ. ಒಂದೇ ಅಳತೆಯ ತೂತುಗಳನ್ನು ಜೇನುಗೂಡಿನಂತೆ ಜೋಡಿಸಿ, ತೂತಿನೊಳಗೆ ಮಾತ್ರ ಪ್ರೋಟೀನ್ ಕೂರಿಸೋಕೆ ಆಗುತ್ತಾ? ಆಗುತ್ತೆ. ಅಚ್ಚು ಬೇಡ, ಲೇಸರ್ ಬೇಡ, ಇಬ್ಬನಿ ಸಾಕು. ಬಿಸಿ ಕಾಫಿ ಬಾಯಿಗಿಟ್ಟಾಗ ಕನ್ನಡಕ ಮಂಜಾಗುತ್ತಲ್ಲ, ಅದೇ ಸೂತ್ರ. ತಣ್ಣನೆ ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಹನಿಗಳ ಬಗ್ಗೆ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ 1911ರಲ್ಲೇ ಬರೆದಿದ್ದರು. 1994ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಫ್ರಾಂಸ್ವಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇದರದ್ದೇ ಚಮತ್ಕಾರ ತೋರಿಸಿದರು. ನಮ್ಮ ಥರ್ಮಾಕೋಲ್ ಆಗುವ ಪಾಲಿಸ್ಟೈರೀನ್ ಇದೆಯಲ್ಲ, ನಕ್ಷತ್ರದಂತೆ ಕೈಚಾಚಿದ ಅದರ ಅಣುಗಳನ್ನು ಬೇಗ ಆರುವ ದ್ರಾವಕದಲ್ಲಿ ಕರಗಿಸಿ, ತೇವದ ಗಾಳಿ ಹಾಯಿಸಿದರು. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅಲ್ಲಿ ಹನಿಗಟ್ಟುತ್ತದೆ. ವಿಚಿತ್ರ ನೋಡಿ, ಆ ಹನಿಗಳು ಒಂದರೊಳಗೊಂದು ಸೇರಿಹೋಗೋದಿಲ್ಲ. ಪಾಲಿಮರ್ ಅವನ್ನು ಸುತ್ತುವರಿದು ಬೇರೆಬೇರೆ ಇಡುತ್ತದೆ. ಒತ್ತೊತ್ತಾಗಿ, ಆರು ಮೂಲೆಯ ಲೆಕ್ಕದಲ್ಲಿ ಸಾಲು ಕೂರುತ್ತವೆ. ದ್ರಾವಕವೂ ನೀರೂ ಆರಿದ ಮೇಲೆ ಹನಿ ಇದ್ದಲ್ಲೆಲ್ಲ ತೂತು.

ಇನ್ನು ಪ್ರೋಟೀನ್. ಪಾಲಿಮರ್‌ಗೆ ಮೊದಲೇ ನೀರನ್ನು ಇಷ್ಟಪಡುವ ಒಂದು ತುಂಡು ಸೇರಿಸಿದರೆ, ಆ ತುಂಡು ತಾನಾಗಿ ಹನಿಯ ಕಡೆ ತಿರುಗುತ್ತದೆ. ಹನಿ ಆರಿದ ಮೇಲೆ ತೂತಿನ ಒಳಗೋಡೆಗೆ ಮಾತ್ರ ಆ ಕೊಕ್ಕೆಗಳ ಲೇಪ. ಅದಕ್ಕೆ ಪ್ರೋಟೀನ್ ಸಿಕ್ಕಿಸಬಹುದು. ಆದರೆ ಇಷ್ಟು ಸಣ್ಣ ತೂತಿಗೆ ನೀರು ಸುಲಭಕ್ಕೆ ಇಳಿಯಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಮೊದಲು ಆಲ್ಕೋಹಾಲ್‌ನಲ್ಲಿ ತೋಯಿಸಿ, ಆಮೇಲೆ ನೀರಿಗೆ ಬದಲಿಸುವ ಉಪಾಯ ಮಾಡುತ್ತಾರೆ. ಗಾಳಿಯ ತೇವ ಕೊಂಚ ಹೆಚ್ಚುಕಡಿಮೆಯಾದರೂ ತೂತಿನ ಗಾತ್ರ ಬದಲಾಗುತ್ತದೆ. ಬಳಸುವ ದ್ರಾವಕಗಳೂ ಸಾಧುವಲ್ಲ, ಫ್ರಾನ್ಸಿನವರು ಬಳಸಿದ ಕಾರ್ಬನ್ ಡೈಸಲ್ಫೈಡ್ ವಿಷವೂ ಹೌದು, ಬೇಗ ಬೆಂಕಿ ಹತ್ತುವಂಥದ್ದೂ ಹೌದು. ಹಾಗಾಗಿ ಇದು ಇನ್ನೂ ಹೆಚ್ಚಾಗಿ ಲ್ಯಾಬ್‌ನ ಮಾತೇ. ನಿಮ್ಮ ಮೆಡಿಕಲ್ ಶಾಪ್‌ನ ಕಿಟ್‌ನಲ್ಲಿರೋದು ಅದೇ ಅಡ್ಡಾದಿಡ್ಡಿ ಪಟ್ಟಿ.

ಜೇನುಗೂಡನ್ನು ಮಾಡಿಕೊಡುವ ಅದೇ ತೇವ ಈ ಪಟ್ಟಿಗೆ ಶತ್ರು. ಪೊಟ್ಟಣದೊಳಗೆ ‘ತಿನ್ನಬೇಡಿ’ ಅಂತ ಬರೆದ ಪುಟ್ಟ ಚೀಲ ಇರೋದು ಅದಕ್ಕೇ. ಬಿಸಿಲಿಗೆ ಕಾದ ಕಾರಿನಲ್ಲಿಟ್ಟರೂ ಪ್ರೋಟೀನ್ ಆಕಾರ ಕಳೆದುಕೊಳ್ಳಬಹುದು. ರೋಗಲಕ್ಷಣ ಇದ್ದು ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ ಅಂತ ಐಸಿಎಂಆರ್ ಸುಮ್ಮನೆ ಹೇಳಿರಲಿಲ್ಲ. ಇನ್ನು ‘ಸಿ’ ಅಕ್ಷರದ ಎದುರಿನ ಗೆರೆ. ಅದೇ ಮೂಡದಿದ್ದರೆ ನೆಗೆಟಿವ್ ಅಂತಲ್ಲ, ಟೆಸ್ಟೇ ಆಗಿಲ್ಲ ಅಂತ.