ಮಕ್ಕಳಿಗೆ ವಾಕ್ಯಸಂಯೋಜನೆ

ಮುದ್ದೇಬಿಹಾಳ ಸೀಮೆಯ ಯಾವ ಹಳ್ಳಿಯ ಸಾಲೆಗೇ ಹೋಗಿ, ಮೂರನೆಯ ಇಲ್ಲವೆ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನನ್ನು ಹತ್ತಿರ ಕರೆದು, ರಜೆಯ ದಿನ ಏನು ಮಾಡಿದೆಯಪ್ಪಾ ಎಂದು ಕೇಳಿದರೆ, ಕಾಲವು ಎಳ್ಳಮಾವಾಸ್ಯೆಯ ಆಸುಪಾಸಿನದಾಗಿದ್ದ ಪಕ್ಷದಲ್ಲಿ, ಹೆಚ್ಚುಕಡಿಮೆ ಇಂಥದೊಂದು ಉತ್ತರ ದೊರೆಯುವುದು: “ಹೊಲಕ್ಕ ಹೋಗಿ, ಸೀತನಿ ಸುಟ್ಟು ತಿಂದು, ಎತ್ತಿಗೆ ನೀರ ಕುಡಿಸ್ಕೊಂಡು ಬರೂದ್ರಾಗ ಕತ್ತಲಾಗಿತ್ರೀ ಸರ.” ಅದೇ ಹುಡುಗನ ಕೈಗೆ ಪಾಟಿ ಕೊಟ್ಟು, ಈಗ ಹೇಳಿದ್ದನ್ನೇ ಬರೆ ಎಂದರೆ, ಅವನು ಬರೆಯುವುದು ಬೇರೆ: “ನಾವು ಹೊಲಕ್ಕೆ ಹೋದೆವು. ನಾವು ಸೀತನಿ ತಿಂದೆವು. ನಾವು ಎತ್ತಿಗೆ ನೀರು ಕುಡಿಸಿದೆವು. ಕತ್ತಲಾಯಿತು.” ಇವನ್ನು ಕೂಡಿಸಿ ಬರೆ ಎಂದು ಮಾಸ್ತರರು ಅಪ್ಪಣೆ ಮಾಡಿದರೋ, ಪ್ರತಿಯೊಂದು ಸಂದಿನಲ್ಲಿಯೂ ಒಂದೊಂದು ‘ಮತ್ತು’ ಬಂದು ಕುಳಿತುಕೊಳ್ಳುತ್ತದೆ, ವಾಕ್ಯವೇನೋ ಉದ್ದವಾಗುತ್ತದೆ, ಆದರೆ ಬಾಯಿಮಾತಿನಲ್ಲಿದ್ದ ಓಟವೂ ಕ್ರಮವೂ ಅದರಲ್ಲಿ ಉಳಿಯುವುದಿಲ್ಲ.

ಆ ಹುಡುಗನ ಮಾತನ್ನು ತುಸು ನಿಧಾನವಾಗಿ ಪರಿಶೀಲಿಸೋಣ. ಹೋಗಿ, ಸುಟ್ಟು, ತಿಂದು, ಕುಡಿಸಿಕೊಂಡು ಎಂಬ ನಾಲ್ಕು ಅಪೂರ್ಣಕ್ರಿಯೆಗಳು ಕೆಲಸ ನಡೆದ ಕ್ರಮದಲ್ಲಿಯೇ ಒಂದರ ಹಿಂದೆ ಒಂದು ಬಂದಿವೆ. ಈ ನಾಲ್ಕಕ್ಕೂ ಕರ್ತೃ ಒಬ್ಬನೇ. ಕೊನೆಯಲ್ಲಿ ಕರ್ತೃಪದ ಬದಲಾಗಿದೆ, ಏಕೆಂದರೆ ಹೊಲಕ್ಕೆ ಹೋದವನು ಹುಡುಗ, ಆದದ್ದು ಕತ್ತಲು. ಆ ಬದಲಾವಣೆಯ ಸ್ಥಳದಲ್ಲಿಯೇ ಅವನು ‘ಬಂದು ಕತ್ತಲಾಗಿತ್ತು’ ಎನ್ನದೆ, ‘ಬರೂದ್ರಾಗ’, ಎಂದರೆ ಬರುವುದರೊಳಗೆ, ಎಂದು ದಾರಿ ಬದಲಿಸಿದ್ದಾನೆ. ಕ್ರಿಯೆಗಳ ಕರ್ತೃ ಒಂದೇ ಆಗಿದ್ದರೆ ಸಾಮಾನ್ಯವಾಗಿ ಭೂತಕೃದಂತಾವ್ಯಯ, ಕರ್ತೃ ಬೇರೆಯಾದರೆ ‘ಬಂದ ಮೇಲೆ’, ‘ಬರುವಾಗ’, ‘ಬರುವುದರೊಳಗೆ’ ಮೊದಲಾದ ರೂಪಗಳು ಎಂಬ ಸೂಕ್ಷ್ಮ ನಿಯಮವನ್ನು ಯಾರೂ ಹೇಳಿಕೊಡದಿದ್ದರೂ ಆ ಎಂಟು ಒಂಬತ್ತು ವರ್ಷದ ಬಾಲಕನು ಪಾಲಿಸಿದ್ದಾನೆ. ‘ಮಳೆ ಬಂದು ನೆಲ ತೊಯ್ದಿತು’ ಎಂಬಂತೆ ಕಾರ್ಯಕಾರಣ ಸಂಬಂಧ ಗಾಢವಾಗಿರುವೆಡೆ ಈ ನಿಯಮ ಸಡಿಲುವುದುಂಟು. ಅದನ್ನೂ ಅವನು ಬಲ್ಲ.

ಹೀಗಿರುವಾಗ ವಾಕ್ಯಗಳನ್ನು ಜೋಡಿಸುವ ಪಾಠವನ್ನು ಸಂಬಂಧಾರ್ಥಕಾವ್ಯಯಗಳ ಪಟ್ಟಿಯಿಂದ, ಮತ್ತು, ಅಥವಾ, ಆದರೆ, ಆದ್ದರಿಂದ ಎಂದು ಬಾಯಿಪಾಠ ಮಾಡಿಸುವುದರಿಂದ, ಆರಂಭಿಸುವುದು ಸರಿಯಾದ ಕ್ರಮವೆಂದು ನನಗೆ ತೋರುವುದಿಲ್ಲ. ಈ ಪದ್ಧತಿಗೆ ಕಾರಣವೂ ಊಹಿಸಲಾರದ್ದೇನಲ್ಲ. ಶಾಲಾ ವ್ಯಾಕರಣವು ಪೂರ್ಣಕ್ರಿಯಾಪದಗಳನ್ನು ಎಣಿಸಿ ವಾಕ್ಯಗಳನ್ನು ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ವಿಭಾಗಿಸುವುದರಿಂದ, ಅಪೂರ್ಣಕ್ರಿಯೆಗಳು ಎಷ್ಟಿದ್ದರೂ ಪೂರ್ಣಕ್ರಿಯೆ ಒಂದೇ ಇರುವ ನಮ್ಮ ಹುಡುಗನ ಮಾತು ಸಾಮಾನ್ಯ ವಾಕ್ಯದ ಪಂಕ್ತಿಗೆ ಸೇರಿಬಿಡುತ್ತದೆ. ಜೋಡಣೆಯ ಅಭ್ಯಾಸದಲ್ಲಿ ಅದಕ್ಕೆ ಎಡೆಯೇ ಇರುವುದಿಲ್ಲ. ಕನ್ನಡವು ಅತ್ಯಂತ ಸಹಜವಾಗಿ ಮಾಡುವ ಜೋಡಣೆ ಬೇರೊಂದು ಅಧ್ಯಾಯಕ್ಕೆ, ಕೃದಂತಪ್ರಕರಣಕ್ಕೆ, ಹೋಗಿ ಬೀಳುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಯಿಂದ ತೊಡಗಿ ನಾಮ, ಸಮಾಸ, ಆಖ್ಯಾತಾದಿಗಳನ್ನೆಲ್ಲ ಮುಗಿಸಿದ ಮೇಲೆಯೇ ಅವ್ಯಯಪ್ರಕರಣಕ್ಕೆ ಬಂದನು. ಪಂಡಿತರ ಶಾಸ್ತ್ರಕ್ಕೆ ಆ ಕ್ರಮ ಒಪ್ಪುವಂಥದು, ಮಗುವಿನ ಪಾಠಕ್ಕೆ ಅದೇ ಆಗಬೇಕೆಂದಿಲ್ಲ.

ಮೇಲಾಗಿ ಆ ಪಟ್ಟಿಯಲ್ಲಿರುವ ಪದಗಳಾದರೂ ಎಲ್ಲಿಂದ ಬಂದವು? ಆದರೆ, ಆದರೂ, ಆದುದರಿಂದ ಎಂಬವು ‘ಆಗು’ ಧಾತುವಿನಿಂದ ಹುಟ್ಟಿದವು. ಏಕೆಂದರೆ ಎಂಬುದು ‘ಎನ್’ ಧಾತುವಿನ ಸಂತಾನ. ‘ಬಂದರೆ, ಬಂದರೂ, ಬಂದುದರಿಂದ’ ಎಂದು ಬಲ್ಲ ಮಗುವಿಗೆ ‘ಆದರೆ, ಆದರೂ, ಆದುದರಿಂದ’ ಹೊಸ ವಿದ್ಯೆಯಲ್ಲ. ಆದಕಾರಣ ಪಾಠವನ್ನು ಕ್ರಿಯಾಪದದ ಕಡೆಯಿಂದ ಮೊದಲುಮಾಡುವುದು ಲೇಸು.

ತಾಳಿಕೋಟೆಯ ಮಗ್ಗುಲಲ್ಲಿ ಹರಿಯುವ ಡೋಣಿ ಹೊಳೆಯನ್ನೇ ತೆಗೆದುಕೊಳ್ಳಬಹುದು. ಮಳೆಗಾಲದಲ್ಲಿ ಅದು ತುಂಬಿ ಬಂದು ಸೇತುವೆಯ ಮೇಲೆ ನೀರು ಹಾಯುವುದನ್ನು ಅಲ್ಲಿಯ ಮಕ್ಕಳು ಕಂಡೇ ಇರುತ್ತಾರೆ. ‘ಡೋಣಿ ಬಂತು’, ‘ಸಾಲೆಗೆ ಹೋಗಲಿಲ್ಲ’ ಎಂಬ ಎರಡು ವಾಕ್ಯಗಳನ್ನು ಹಲಗೆಯ ಮೇಲೆ ಬರೆದು ಕೂಡಿಸಿರೆಂದರೆ, ‘ಡೋಣಿ ಬಂದುದರಿಂದ ಸಾಲೆಗೆ ಹೋಗಲಿಲ್ಲ’ ಎಂದು ಒಬ್ಬನು ಹೇಳುವನು. ‘ಬಂದುದರಿಂದ’ ಎಂಬುದನ್ನು ಅಳಿಸಿ ‘ಬಂದರೂ’ ಎಂದು ಬರೆದು, ಮುಂದಿನದನ್ನು ಅವರಿಗೇ ಬಿಟ್ಟರೆ, ‘ಡೋಣಿ ಬಂದರೂ ಸಾಲೆಗೆ ಹೋದೆ’ ಎಂದು ಇನ್ನೊಬ್ಬನು ಸಾಹಸ ತೋರುವನು. ‘ಬಂದರೆ’ ಎಂದು ಬದಲಿಸಿದ ಕೂಡಲೇ ಅದು ಇನ್ನೂ ನಡೆಯದ ಸಂಗತಿಯಾಗಿ, ‘ಸಾಲಿ ಸೂಟಿ!’ ಎಂಬ ಕೂಗು ಹಿಂದಿನ ಸಾಲಿನಿಂದ ಬಂದರೂ ಆಶ್ಚರ್ಯವಿಲ್ಲ. ಕಾರಣ, ವಿರೋಧ, ಸಂಭಾವನೆ ಎಂಬ ಮೂರು ಸಂಬಂಧಗಳು ಪದದ ಕೊನೆಯ ಒಂದೆರಡು ಅಕ್ಷರಗಳಲ್ಲಿ ಅಡಗಿರುವುದನ್ನು ಮಕ್ಕಳು ಹೀಗೆ ಕಣ್ಣಾರೆ ಕಾಣುತ್ತಾರೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬರ್ಥದ ನುಡಿಯೊಂದು ಈ ಭಾಗದ ಹಿರಿಯರ ಬಾಯಲ್ಲಿದೆ. ಅಲ್ಲಿಯೂ ಜೋಡಣೆಯ ಭಾರವನ್ನೆಲ್ಲ ಹೊತ್ತಿರುವುದು ಆ ‘ದರೆ’ಯೇ.

‘ಮತ್ತು’ ಬೇಡವೆಂದು ನನ್ನ ವಾದವಲ್ಲ. ಪರಸ್ಪರ ಅವಲಂಬಿಸದ ಎರಡು ಸಂಗತಿಗಳನ್ನು ಸಮಾನವಾಗಿ ನಿಲ್ಲಿಸುವೆಡೆ ಅದು ಬೇಕು. ಆದರೆ ‘ತೊಗರಿಯೂ ಸಜ್ಜೆಯೂ ಬೆಳೆದವು’ ಎಂಬಲ್ಲಿಯ ‘ಊ’ ಪ್ರತ್ಯಯ ಮಗುವಿಗೆ ಮೊದಲೇ ಗೊತ್ತು. ತೊಗರಿಯನ್ನು ಹಿಂದೆ, ಸಜ್ಜೆಯನ್ನು ಮುಂದೆ ಮಾಡಿದರೂ ಅರ್ಥ ಕೆಡದು. ‘ಉಂಡು ಮಲಗಿದನು’ ಎಂಬುದನ್ನು ‘ಮಲಗಿ ಉಂಡನು’ ಎಂದು ತಿರುಗಿಸಿದರೆ ಇಡೀ ವರ್ಗ ನಗುತ್ತದೆ. ಎರಡು ಬಗೆಯ ಜೋಡಣೆಗಳ ಭೇದ ತಿಳಿಯಲು ಆ ನಗೆ ಸಾಕು, ಲಕ್ಷಣವಾಕ್ಯ ಬೇಕಿಲ್ಲ.

ಇನ್ನು, ಈ ಜಿಲ್ಲೆಯ ವರ್ಗಗಳಲ್ಲಿ ಕುಳಿತವರೆಲ್ಲರ ಮನೆಮಾತು ಕನ್ನಡವಲ್ಲ. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳುಂಟು, ಊರೊಳಗಿನ ಉರ್ದು ಮಾತಿನ ಮಕ್ಕಳುಂಟು. ಆದರೆ ದಖನಿ ಉರ್ದುವಿನ ‘ಖಾಕೆ ಆಯಾ’ ಎಂಬುದಕ್ಕೂ ನಮ್ಮ ‘ಉಂಡು ಬಂದ’ ಎಂಬುದಕ್ಕೂ ಕಟ್ಟಡದಲ್ಲಿ ಭೇದವಿಲ್ಲ. ನೆರೆಯ ಸಾಂಗ್ಲಿಯ ಹತ್ತಿರದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳನ್ನು ಅಭ್ಯಸಿಸಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸೊಪ್ಪು ಕೊಯ್ದು ತೆಗೆದುಕೊಂಡು ಬಂದ ಸಂಗತಿಯನ್ನು ಆ ಊರಿನವರು ಮೂರು ಭಾಷೆಗಳಲ್ಲಿಯೂ ಪದಕ್ಕೆ ಪದ ಸರಿಹೊಂದುವಂತೆ, ಒಂದೇ ಅನುಕ್ರಮದಲ್ಲಿ ಹೇಳುವರೆಂದು ತೋರಿಸಿಕೊಟ್ಟರು. ಆದಕಾರಣ ಉರ್ದು ಮನೆಯ ಹುಡುಗಿಯೊಬ್ಬಳು ವಾಕ್ಯ ಕೂಡಿಸಲಾರದೆ ಪಾಟಿ ಹಿಡಿದು ಕುಳಿತಿದ್ದರೆ, ಅಕ್ಕೋರು ಅವಳಿಗೆ ಪಟ್ಟಿಯನ್ನು ಮತ್ತೊಮ್ಮೆ ಒಪ್ಪಿಸಲು ಹೇಳುವ ಬದಲು, ಅದನ್ನೇ ಮೊದಲು ಮನೆಯ ಮಾತಿನಲ್ಲಿ ಹೇಳವ್ವಾ ಎಂದು ಕೇಳಬಹುದು. ‘ಕೆ’ ಬಂದಲ್ಲೆಲ್ಲ ಕನ್ನಡದಲ್ಲಿ ಏನು ಬರಬೇಕೆಂಬುದನ್ನು ಪಕ್ಕದಲ್ಲಿ ಕುಳಿತ ಗೆಳತಿಯೇ ಹೇಳಿಕೊಟ್ಟಾಳು.