ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ ಮತ್ತು ಜನಪದ ಜ್ಞಾನ: ಒಂದು ಪ್ರವೇಶ

ರಾಜ್ಯಶಾಸ್ತ್ರವು ಅಧಿಕಾರವನ್ನೂ ಅರ್ಥಶಾಸ್ತ್ರವು ಸಂಪತ್ತನ್ನೂ ತಮ್ಮ ಅಧ್ಯಯನದ ಕೇಂದ್ರದಲ್ಲಿ ಇರಿಸಿಕೊಂಡು ಬೆಳೆದ ಶಾಸ್ತ್ರಗಳು. ರಾಷ್ಟ್ರರಾಷ್ಟ್ರಗಳ ನಡುವಿನ ವ್ಯವಹಾರದಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಲಾಗದೆಂಬ ಅರಿವಿನಿಂದ ರೂಪುಗೊಂಡ ಅಧ್ಯಯನಶಾಖೆಯೇ ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ. ಈ ಎರಡು ಶಾಸ್ತ್ರಗಳು ಪರಸ್ಪರರನ್ನು ಉಪೇಕ್ಷಿಸಿವೆ ಎಂದು ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್ 1970ರಲ್ಲಿಯೇ ವಾದಿಸಿದ್ದರು. ಜನಪದ ವಿದ್ವಾಂಸರಿಗೆ ಈ ಶಾಖೆ ದೂರದ್ದೆಂದು ತೋರಬಹುದು. ಆದರೆ ಅರಿಶಿನ, ಬೇವುಗಳಂಥ ಮನೆಮದ್ದುಗಳು ಪೇಟೆಂಟ್ ಕಚೇರಿಯ ಮೆಟ್ಟಿಲೇರಿದ ಮೇಲೆ ಜನಪದ ಜ್ಞಾನವೂ ಈ ಶಾಖೆಯ ವ್ಯಾಪ್ತಿಗೆ ಸೇರಿತು. ಜ್ಞಾನದ ಒಡೆತನದ ನಿಯಮಗಳನ್ನು ಯಾರು ರೂಪಿಸುತ್ತಾರೆ, ಆ ನಿಯಮಗಳ ಮುಂದೆ ಮೌಖಿಕ ಪರಂಪರೆಯ ಸ್ಥಾನವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ದೃಷ್ಟಿಗಳು

ರಾಬರ್ಟ್ ಗಿಲ್ಪಿನ್ 1987ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಕ್ಷೇತ್ರದ ಮೂರು ಪ್ರಮುಖ ದೃಷ್ಟಿಗಳನ್ನು ಚರ್ಚಿಸಿದ್ದಾರೆ. ಉದಾರವಾದವು ಮುಕ್ತ ವಿನಿಮಯದಿಂದ ಎಲ್ಲ ಪಕ್ಷಗಳಿಗೂ ಲಾಭವೆಂದು ನಂಬುತ್ತದೆ. ರಾಷ್ಟ್ರವಾದಿ ದೃಷ್ಟಿಯು ವ್ಯಾಪಾರವನ್ನು ರಾಷ್ಟ್ರಗಳ ಬಲಾಬಲದ ಸಾಧನವೆಂದು ಪರಿಗಣಿಸುತ್ತದೆ. ಮಾರ್ಕ್ಸ್‌ವಾದಿ ದೃಷ್ಟಿಯು ಉತ್ಪಾದನೆಯ ಸಂಬಂಧಗಳಲ್ಲಿ ಅಡಗಿರುವ ಶೋಷಣೆಯತ್ತ ಗಮನ ಸೆಳೆಯುತ್ತದೆ. ಸೂಸನ್ ಸ್ಟ್ರೇಂಜ್ 1988ರ ತಮ್ಮ ಕೃತಿಯಲ್ಲಿ ಬೇರೊಂದು ಮಾರ್ಗ ಹಿಡಿದರು. ಭದ್ರತೆ, ಉತ್ಪಾದನೆ, ಹಣಕಾಸು ಮತ್ತು ಜ್ಞಾನ ಎಂಬ ನಾಲ್ಕು ರಚನೆಗಳಲ್ಲಿ ಅಧಿಕಾರವು ನೆಲೆಗೊಂಡಿದೆ ಎಂಬುದು ಅವರ ಪ್ರತಿಪಾದನೆ. ಆಟದಲ್ಲಿ ಗೆಲ್ಲುವ ಶಕ್ತಿಗಿಂತ ಆಟದ ನಿಯಮಗಳನ್ನು ನಿರ್ಧರಿಸುವ ಶಕ್ತಿ ದೊಡ್ಡದು ಎಂಬ ಈ ವಿಚಾರವು ಜನಪದ ಅಧ್ಯಯನಕ್ಕೆ ಹೆಚ್ಚು ಉಪಯುಕ್ತವಾಗಿದೆ.

ನಿಯಮಗಳ ಚರಿತ್ರೆ

1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಹಾಗೂ ವಿಶ್ವಬ್ಯಾಂಕುಗಳಿಗೆ ತಳಹದಿ ಹಾಕಿದರು. 1947ರಲ್ಲಿ 23 ರಾಷ್ಟ್ರಗಳು ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದಕ್ಕೆ (ಗ್ಯಾಟ್) ಸಹಿ ಹಾಕಿದವು. ಭಾರತವೂ ಅವುಗಳಲ್ಲಿ ಒಂದು. ಅಲ್ಲಿಯವರೆಗಿನ ಮುಖ್ಯ ಚರ್ಚೆ ಸರಕುಗಳ ಮೇಲಿನ ಸುಂಕದ್ದಾಗಿತ್ತು. 1986ರಲ್ಲಿ ಆರಂಭವಾದ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಜ್ಞಾನವೂ ವ್ಯಾಪಾರದ ವಿಷಯವಾಯಿತು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆಯೊಂದಿಗೆ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದವು ಬೌದ್ಧಿಕ ಆಸ್ತಿಯ ಕನಿಷ್ಠ ಮಾನದಂಡಗಳನ್ನು ಸದಸ್ಯ ರಾಷ್ಟ್ರಗಳೆಲ್ಲವಕ್ಕೂ ವಿಧಿಸಿತು.

ನಿಯಮದ ಒಳಗೆ ಇರುವ ತಾರತಮ್ಯಕ್ಕೆ ಇದೇ ಒಪ್ಪಂದದಲ್ಲಿ ನಿದರ್ಶನವಿದೆ. ಊರಿನ ಹೆಸರಿನಿಂದ ಪ್ರಸಿದ್ಧವಾದ ವಸ್ತುಗಳಿಗೆ ಭೌಗೋಳಿಕ ಸೂಚಕದ ರಕ್ಷಣೆ ಉಂಟು. ಆದರೆ ಒಪ್ಪಂದದ 23ನೆಯ ವಿಧಿಯು ಹೆಚ್ಚಿನ ರಕ್ಷಣೆಯನ್ನು ದ್ರಾಕ್ಷಾರಸ ಮತ್ತು ಮದ್ಯಗಳಿಗೆ ಮಾತ್ರ ನೀಡಿದೆ. ಫ್ರಾನ್ಸಿನ ಶಾಂಪೇನಿಗೆ ದೊರೆಯುವ ಈ ರಕ್ಷಣೆ ಇಳಕಲ್ ಸೀರೆಗೆ, ಚನ್ನಪಟ್ಟಣದ ಗೊಂಬೆಗೆ, ಬೀದರಿನ ಬಿದರಿ ಕೆಲಸಕ್ಕೆ ಈ ಒಪ್ಪಂದದಲ್ಲಿ ಇಲ್ಲ. ಭಾರತವು 1999ರಲ್ಲಿ ತನ್ನದೇ ಕಾಯಿದೆ ರೂಪಿಸಿ, 2003ರಿಂದ ಜಾರಿಗೆ ತಂದು, ಇಂಥ ವಸ್ತುಗಳನ್ನು ನೋಂದಾಯಿಸಿಕೊಂಡಿದೆ. ಆದರೂ ದೇಶದೊಳಗಿನ ನೋಂದಣಿ ಹೊರದೇಶದಲ್ಲಿ ತಾನಾಗಿಯೇ ಊರ್ಜಿತವಾಗುವುದಿಲ್ಲ.

ಸಾಕ್ಷ್ಯದ ಪ್ರಶ್ನೆ

ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು 1996ರಲ್ಲಿ ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಈ ಗೆಲುವಿನ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ನಮ್ಮ ಮನೆಮನೆಯ ಅಜ್ಜಿಯರ ಅರಿವು ಅಲ್ಲಿ ಸಾಕ್ಷ್ಯವಾಗಿ ನಿಲ್ಲಲಿಲ್ಲ. ನಿಂತದ್ದು ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಪ್ರಕಟವಾದ ಲೇಖನವೂ ಸೇರಿದಂತೆ ಮುದ್ರಿತ ಮತ್ತು ಲಿಖಿತ ಆಧಾರಗಳು. ಅಮೆರಿಕದ ಅಂದಿನ ಕಾನೂನಿನಂತೆ ಹೊರದೇಶದ ಪೂರ್ವಜ್ಞಾನವು ಪೇಟೆಂಟಿನಲ್ಲಿ ಅಥವಾ ಮುದ್ರಿತ ಪ್ರಕಟಣೆಯಲ್ಲಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಕೇವಲ ಬಳಕೆಯಲ್ಲಿದ್ದರೆ ಸಾಲುತ್ತಿರಲಿಲ್ಲ. 2011ರಲ್ಲಿ ತಿದ್ದುಪಡಿಗೊಂಡು 2013ರ ಮಾರ್ಚಿನಲ್ಲಿ ಜಾರಿಗೆ ಬಂದ ಕಾನೂನು ಈ ಭೇದವನ್ನು ತೆಗೆದುಹಾಕಿತು.

ಯೂರೋಪಿನ ಪೇಟೆಂಟ್ ಒಡಂಬಡಿಕೆಯಾದರೋ ಮೌಖಿಕ ವಿವರಣೆಯನ್ನೂ ಬಳಕೆಯನ್ನೂ ಮೊದಲಿನಿಂದಲೇ ಪೂರ್ವಜ್ಞಾನವೆಂದು ಒಪ್ಪಿದೆ. ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣವನ್ನು ಆಧರಿಸಿದ ಪೇಟೆಂಟ್ ಅಲ್ಲಿ 2000ದಲ್ಲಿ ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ತಿರಸ್ಕೃತವಾಯಿತು. ಒಂದೇ ಬಗೆಯ ಬಳಕೆಯ ಅರಿವು ಒಂದು ಕಚೇರಿಯಲ್ಲಿ ಜ್ಞಾನವಾಗಿ, ಇನ್ನೊಂದರಲ್ಲಿ ಶೂನ್ಯವಾಗಿ ಕಾಣಬಹುದಾಗಿತ್ತು ಎಂಬುದೇ ಇಲ್ಲಿ ಮುಖ್ಯ. ಸ್ಟ್ರೇಂಜ್ ಹೇಳಿದ ಜ್ಞಾನರಚನೆಯ ಅಧಿಕಾರವೆಂದರೆ ಇದೇ.

ದಾಖಲೆಯ ಎರಡು ಮುಖ

ಅರಿಶಿನ ಪ್ರಕರಣದ ತರುವಾಯ ಭಾರತವು 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯವನ್ನು ಆರಂಭಿಸಿತು. ಆಯುರ್ವೇದ, ಸಿದ್ಧ, ಯುನಾನಿ ಮುಂತಾದ ಪದ್ಧತಿಗಳ ಗ್ರಂಥಸ್ಥ ಜ್ಞಾನವು ಅಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮತ್ತು ಜಪಾನಿ ಭಾಷೆಗಳಲ್ಲಿ ಪರೀಕ್ಷಕರಿಗೆ ಲಭ್ಯವಿದೆ. ಆದರೆ ಇದರ ಮುಖ್ಯ ಆಕರ ಗ್ರಂಥಗಳೇ. ಸೋಲಿಗರ, ಹಾಲಕ್ಕಿ ಒಕ್ಕಲಿಗರ, ಊರೂರಿನ ನಾಟಿ ವೈದ್ಯರ ಬಾಯಿಯಲ್ಲಿರುವ ಅರಿವಿಗೆ ಇಂಥ ಆಸರೆ ದೊರೆಯುವುದು ವಿರಳ.

ಹಾಗಾದರೆ ಎಲ್ಲವನ್ನೂ ದಾಖಲಿಸಿ ಪ್ರಕಟಿಸಿದರೆ ಸಮಸ್ಯೆ ಬಗೆಹರಿಯುವುದೇ? ಪ್ರಕಟಣೆಯು ಅನ್ಯರ ಪೇಟೆಂಟನ್ನು ತಡೆಯಬಲ್ಲದು. ಜ್ಞಾನದ ಒಡೆತನವನ್ನು ಸಮುದಾಯಕ್ಕೆ ಕೊಡಲಾರದು. ಅಚ್ಚಾದ ಅರಿವು ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ಸ್ವತ್ತಾಗುತ್ತದೆ. ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬ ನಾಟಿ ವೈದ್ಯರ ನಂಬಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ವಾಡಿಕೆ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಕಟ್ಟುನಿಟ್ಟಾಗಿ ನಿಯಂತ್ರಿಸುವ ಈ ನಂಬಿಕೆಯನ್ನು ಸಮುದಾಯದ ಸ್ವಂತ ಒಡೆತನದ ನಿಯಮವೆಂದೂ ಓದಬಹುದು.

ಪ್ರತಿಫಲದ ಹಂಚಿಕೆಗೆ ಕೇರಳದ ಕಾಣಿ ಸಮುದಾಯದ ಪ್ರಸಂಗವು ನಿದರ್ಶನ. ಅಗಸ್ತ್ಯಮಲೆಯಲ್ಲಿ ದಣಿವು ಕಳೆಯಲು ಅವರು ತಿನ್ನುತ್ತಿದ್ದ ಆರೋಗ್ಯಪಚ್ಚದ ಕಾಯಿಯನ್ನು 1987ರಲ್ಲಿ ವಿಜ್ಞಾನಿಗಳು ಗಮನಿಸಿದರು. ಅದರಿಂದ ತಯಾರಾದ ಔಷಧದ ಪರವಾನಗಿ ಶುಲ್ಕ ಮತ್ತು ಗೌರವಧನಗಳಲ್ಲಿ ಅರ್ಧದಷ್ಟನ್ನು ಸಮುದಾಯಕ್ಕೆ ನೀಡಲು ಸಂಶೋಧನಾ ಸಂಸ್ಥೆ ಒಪ್ಪಿತು. ಜೈವಿಕ ವೈವಿಧ್ಯದ ಒಡಂಬಡಿಕೆ (1992) ಮತ್ತು ನಗೋಯಾ ಒಪ್ಪಂದ (2010) ಇದೇ ತತ್ತ್ವವನ್ನು ಸಾರುತ್ತವೆ. ಆದರೆ ಅಮೆರಿಕ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿಲ್ಲ.

2001ರ ದೋಹಾ ಘೋಷಣೆಯು ಸಾಂಪ್ರದಾಯಿಕ ಜ್ಞಾನ ಮತ್ತು ಜಾನಪದದ ರಕ್ಷಣೆಯನ್ನು ಪರಿಶೀಲಿಸಬೇಕೆಂದು ಸೂಚಿಸಿತು. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಒಪ್ಪಂದವು, ಆವಿಷ್ಕಾರವು ಆನುವಂಶಿಕ ಸಂಪನ್ಮೂಲವನ್ನೂ ತತ್ಸಂಬಂಧಿ ಜ್ಞಾನವನ್ನೂ ಆಧರಿಸಿದ್ದರೆ ಅವುಗಳ ಮೂಲವನ್ನು ಅರ್ಜಿದಾರರು ತಿಳಿಸಬೇಕೆಂದು ವಿಧಿಸುತ್ತದೆ. ಹಾಡು, ಕಥನ, ಕುಣಿತಗಳು ಇದರ ವ್ಯಾಪ್ತಿಯಲ್ಲಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕ್ಷೇತ್ರಕಾರ್ಯವು ಕೇವಲ ಸಾಹಿತ್ಯಕ ಚಟುವಟಿಕೆಯಲ್ಲವೆಂಬುದು ವೇದ್ಯವಾಗುತ್ತದೆ. ಸಂಗ್ರಾಹಕನ ಟಿಪ್ಪಣಿ ನಾಳೆ ಸಾಕ್ಷ್ಯವಾಗಬಹುದು. ಅದೇ ಟಿಪ್ಪಣಿ ಒಂದು ಸಮುದಾಯದ ಗುಟ್ಟನ್ನು ಬಯಲಿಗೂ ಇಡಬಹುದು. ಆದುದರಿಂದ ವಕ್ತೃವಿನ ಒಪ್ಪಿಗೆ, ಹೆಸರು, ಊರು, ದಿನಾಂಕ ಹಾಗೂ ಪ್ರಕಟಣೆಗೆ ಅವರು ವಿಧಿಸಿದ ಮಿತಿ ದಾಖಲೆಯಲ್ಲಿ ಇರಲೇಬೇಕು. ಯಾವುದನ್ನು ಎಲ್ಲರಿಗೂ ತೆರೆದಿಡಬೇಕು, ಯಾವುದನ್ನು ಒಪ್ಪಿಗೆಯಿಂದ ಮಾತ್ರ ನೀಡಬೇಕು ಎಂಬುದನ್ನು ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ಮೊದಲೇ ನಿರ್ಧರಿಸಬೇಕಾಗಿದೆ. ಒಡೆತನದ ನಿಯಮಗಳು ಜಿನೀವಾದಲ್ಲಿ ರೂಪುಗೊಳ್ಳುತ್ತಿದ್ದರೂ, ಅವುಗಳ ಮುಂದೆ ಮಂಡಿಸಬೇಕಾದ ಸಾಕ್ಷ್ಯ ಸಿದ್ಧವಾಗುವುದು ಹಳ್ಳಿಯ ಜಗಲಿಯಲ್ಲಿಯೇ.